ಅವ್ವ ಮಲಗುವ ಹೊತ್ತು

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬಂದವರು ಇದನ್ನು ಕಂಡು ಬಹಳ ಶಿಸ್ತಿನ ಕುಟುಂಬ ಎಂದು ಹೊಗಳುತ್ತಿದ್ದರು. ಶಿಸ್ತೂ ಇಲ್ಲ, ಮಣ್ಣೂ ಇಲ್ಲ. ಅವ್ವ ಮಲಗಿರುತ್ತಿದ್ದಳು, ಅಷ್ಟೆ. ರಾತ್ರಿಯಿಡೀ ಆಸ್ಪತ್ರೆಯಲ್ಲಿ ನರ್ಸು, ಅಲ್ಲಿಂದ ನೇರ ಒಂದು ನರ್ಸಿಂಗ್ ಹೋಮಿನಲ್ಲಿ ಅರ್ಧ ದಿನ, ಮನೆಗೆ ಬಂದು ಹಾಸಿಗೆಗೆ ಬೀಳುವಾಗ ಮಧ್ಯಾಹ್ನ ಎರಡು. ಸಂಜೆ ಏಳಕ್ಕೆ ಮತ್ತೆ ಏಳಬೇಕು. ಆ ಐದು ಗಂಟೆಗಳನ್ನು ಅಪ್ಪನೂ ನಾನೂ ತುಂಬಿದ ಕೊಡದ ಹಾಗೆ ಜೋಪಾನ ಮಾಡುತ್ತಿದ್ದೆವು. ನಾನು ಮೂರು ಗಂಟೆಗೆ ಸ್ಕೂಲ್ ಬಸ್ಸಿನಿಂದ ಇಳಿದು, ಕೊರಳ ದಾರದಲ್ಲಿದ್ದ ಕೀಲಿಕೈಯನ್ನು ಬಾಗಿಲಿಗೆ ಹಾಕುವ ಮೊದಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದೆ. ಫೋನಿಗೆ ಟವೆಲ್ ಸುತ್ತಿರುತ್ತಿತ್ತು. ಟಿವಿ ನೋಡಬಹುದು, ಸೌಂಡ್ ಇಲ್ಲದೆ. ಟಾಯ್ಲೆಟ್ ಫ್ಲಶ್ ಮಾಡುವುದು ಏಳರ ನಂತರ. ಬಾಗಿಲಿನ ಹಿಡಿಕೆಯನ್ನು ಪೂರ್ತಿ ತಿರುಗಿಸಿ ಹಿಡಿದುಕೊಂಡು, ಬಾಗಿಲು ಚೌಕಟ್ಟಿಗೆ ತಾಗಿದ ಮೇಲೆ ಮೆಲ್ಲಗೆ ಬಿಟ್ಟರೆ ಟಕ್ ಎನ್ನುವುದಿಲ್ಲ. ಇದನ್ನು ಅಪ್ಪ ನನಗೆ ಏಳನೆಯ ವಯಸ್ಸಿನಲ್ಲಿ, ಬೇರೆ ಅಪ್ಪಂದಿರು ಸೈಕಲ್ ಕಲಿಸುವಷ್ಟು ಶ್ರದ್ಧೆಯಿಂದ ಕಲಿಸಿದ್ದರು.

ಇಂಥ ಮನೆಯಲ್ಲಿ ದೇವರು ನನ್ನ ಗಂಟಲಿಗೆ ಇಟ್ಟದ್ದು ಸೊಪ್ರಾನೊ ದನಿ. ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಯಾವ ಗೋಡೆಗೂ ಅಂಜದ್ದು. ಅದನ್ನೇ ನಂಬಿ ಮೂವತ್ತು ವರ್ಷ ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮ್ಯೂಸಿಕಲ್ ಮತ್ತು ಆಪರೆಟ್ಟಾ ಹಾಡಿ ಹೊಟ್ಟೆ ಹೊರೆದಿದ್ದೇನೆ. ಆಪರೆಟ್ಟಾ ಎಂದರೆ ಹಾಡು, ಮಾತು, ಕುಣಿತ, ವೇಷ ಮರೆಸಿಕೊಂಡ ರಾಜಕುಮಾರ, ಕೊನೆಗೊಂದು ಮದುವೆ. ನಮ್ಮ ಕಂಪನಿ ನಾಟಕಗಳ ದೂರದ ನೆಂಟ ಎನ್ನಿ. ನಾನು ಸೇರುವಾಗಲೇ ಅದನ್ನು ನೋಡುವವರು ಮುದುಕರಾಗಿದ್ದರು. ಈಗ ಅವರೂ ಇಲ್ಲ. ನಾನು ಹಾಡಿದ ಮೂರು ತಂಡಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಹೋದ ಚಳಿಗಾಲದಲ್ಲಿ ನನ್ನ ಮೇಲಿನ ಸ್ವರಗಳೂ ಹೇಳದೆ ಕೇಳದೆ ಹೊರಟುಹೋದವು. ಇಂಜಿನಿಯರೋ ಡಾಕ್ಟರೋ ಆಗುವುದು ಬಿಟ್ಟು ಈ ಉದ್ಯೋಗವನ್ನೇಕೆ ಹಿಡಿದೆ ಎಂದು ನಮ್ಮ ಜನ ಕೇಳಿದಾಗಲೆಲ್ಲ ನನ್ನಲ್ಲಿ ಒಂದೇ ಉತ್ತರವಿತ್ತು: ನಮ್ಮವ್ವ ನನ್ನ ಹಾಡು ಕೇಳುತ್ತಿದ್ದಳು, ಅದಕ್ಕೆ. ಈ ಉತ್ತರ ಹುಟ್ಟಿದ್ದು ನ್ಯೂಜೆರ್ಸಿಯ ಪಾರ್ಸಿಪನಿಯ ಆ ಮನೆಯಲ್ಲಿ, ರೂಟ್ ನಲವತ್ತಾರು ಎಂಬ ಹೆದ್ದಾರಿಗೆ ಬೆನ್ನು ಮಾಡಿ ನಿಂತ ಇಟ್ಟಿಗೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ.

ಏಳಕ್ಕೆ ಅವ್ವ ಎದ್ದಳೆಂದರೆ ಮನೆಗೆ ಜೀವ ಬರುತ್ತಿತ್ತು. ನಾವು ಧಾರವಾಡದ ಕಡೆಯ ಕ್ರಿಶ್ಚಿಯನ್ನರು. ಊಟಕ್ಕೆ ಮೊದಲು ಪ್ರಾರ್ಥನೆ, ಊಟಕ್ಕೆ ಜೋಳದ ರೊಟ್ಟಿ, ಎರಡೂ ತಪ್ಪುವ ಹಾಗಿರಲಿಲ್ಲ. ಔಷಧ ಕಂಪನಿಯ ಲ್ಯಾಬಿನಲ್ಲಿ ಸಂಜೆ ಆರರವರೆಗೆ ಕೆಲಸ ಮಾಡುತ್ತಿದ್ದ ಅಪ್ಪ ತಿಂಗಳಿಗೊಮ್ಮೆ ಇಂಡಿಯನ್ ಅಂಗಡಿಗಳಿದ್ದ ಎಡಿಸನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಜೋಳದ ಹಿಟ್ಟು ತರುತ್ತಿದ್ದರು. ಅವ್ವ ಕೌಂಟರಿನ ಮೇಲೆ ಹಿಟ್ಟು ಉದುರಿಸಿ, ಮುದ್ದೆಯಿಟ್ಟು, ಅಂಗೈಯಿಂದ ಪಟಪಟ ಬಡಿದು ತಿರುಗಿಸುವಾಗ ಕಪಾಟಿನೊಳಗಿನ ತಟ್ಟೆಗಳು ಸದ್ದು ಮಾಡುತ್ತಿದ್ದವು. ಹೊಗೆಗೆ ಸ್ಮೋಕ್ ಅಲಾರಂ ಕಿರುಚುತ್ತಿತ್ತು. ಅಪ್ಪ ಕುರ್ಚಿ ಹತ್ತಿ ಪೇಪರಿನಿಂದ ಅದಕ್ಕೆ ಗಾಳಿ ಹಾಕುತ್ತಿದ್ದರು. ಕೆಳಗಿನ ಮನೆಯ ಒಂಟಿ ಮುದುಕಿ ಮಿಸೆಸ್ ಕೊವಾಲ್ ಪೊರಕೆಯ ಹಿಡಿಯಿಂದ ತನ್ನ ಸೂರನ್ನು, ಅಂದರೆ ನಮ್ಮ ನೆಲವನ್ನು, ಕುಟ್ಟುತ್ತಿದ್ದಳು. ಅಪ್ಪ ಗಾಬರಿಯಾಗುತ್ತಿದ್ದರು. ಅವ್ವನ ಕೈ ನಿಲ್ಲುತ್ತಿರಲಿಲ್ಲ.

"ಕುಟ್ಟಲಿ ಬಿಡ್ರಿ. ಹಗಲೆಲ್ಲಾ ಸತ್ತಂಗ ಇರ್ತೀವಿ. ಒಂದ್ ತಾಸು ಬದುಕಬಾರದೇನು?"

ನಾನು ಕೌಂಟರಿನ ಪಕ್ಕ ನಿಂತು ಮೊದಲ ರೊಟ್ಟಿಗೆ ಕಾಯುತ್ತಿದ್ದೆ. ಅವ್ವ ಅದಕ್ಕೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಉದುರಿಸಿ, ಸುರುಳಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಮಾತು ಕಡಿಮೆ. ಸ್ಕೂಲಿನಲ್ಲಿ ಏನಾಯಿತು ಎಂದು ಕೇಳುವಳು, ನಾನು ಇಂಗ್ಲಿಷಿನಲ್ಲಿ ಹೇಳುವೆ, ಅವಳು ಕೇಳುತ್ತಿದ್ದಳೋ ಇಲ್ಲವೋ. ಹತ್ತೂವರೆಗೆ ಬಿಳಿ ಬೂಟು ಹಾಕಿ ಹೊರಟುಬಿಡುತ್ತಿದ್ದಳು. ಮದುವೆಗೆ ಮೊದಲು ಅವಳು ಊರಿನ ಚರ್ಚಿನಲ್ಲಿ ಬಹಳ ಮೇಲಿನ ದನಿಯಲ್ಲಿ ಹಾಡುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಇನ್ನು ಆ ಕ್ಲೋಸೆಟ್ಟು. ಹಜಾರದ ಕೊನೆಯಲ್ಲಿ ಕೋಟು ತೂಗುಹಾಕುವ ಕತ್ತಲ ಗೂಡು. ಅಪ್ಪನ ಓವರ್‌ಕೋಟು, ಅವ್ವನ ಎರಡು ಕೋಟು, ನುಸಿಗುಳಿಗೆಯ ವಾಸನೆ, ಕೆಳಗೆ ಊರಿನಿಂದ ತಂದ ಟ್ರಂಕು, ಟ್ರಂಕಿನೊಳಗೆ ಚರ್ಚಿನ ಕನ್ನಡ ಕೀರ್ತನೆಗಳ ಪುಸ್ತಕ. ಅದರ ನೆಲಕ್ಕೆ ಕಿವಿಯಿಟ್ಟರೆ ಮಿಸೆಸ್ ಕೊವಾಲಳ ಗ್ರಾಮಫೋನು ಕೇಳಿಸುತ್ತದೆಂದು ನನಗೆ ಗೊತ್ತಾದದ್ದು ಹತ್ತನೆಯ ವಯಸ್ಸಿನಲ್ಲಿ. ಮುದುಕಿ ಪ್ರತಿ ಮಧ್ಯಾಹ್ನ ಹಳೆಯ ಆಪರೆಟ್ಟಾಗಳನ್ನು ಹಾಕುತ್ತಿದ್ದಳು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಯಾರೋ ಹೆಂಗಸು ನಗುತ್ತ ನಗುತ್ತ ಮೇಲೆ ಹೋಗಿ, ಇನ್ನೇನು ಇಳಿಯಬೇಕು ಎನ್ನುವಲ್ಲಿ ಇನ್ನೂ ಒಂದು ಮೆಟ್ಟಿಲು ಹತ್ತಿಬಿಡುತ್ತಿದ್ದಳು. ನನಗೆ ಅಳು ಬರುವಷ್ಟು ಸಂತೋಷವಾಗುತ್ತಿತ್ತು. ಕೋಟುಗಳ ನಡುವೆ ಮುಖ ಹುದುಗಿಸಿ ನಾನೂ ಅವಳ ಬೆನ್ನು ಹತ್ತುತ್ತಿದ್ದೆ, ಮೊದಮೊದಲು ಪಿಸುದನಿಯಲ್ಲಿ, ಆಮೇಲಾಮೇಲೆ ಬಾಯಿ ಬಿಟ್ಟು. ಗ್ರಾಮಫೋನು ನಿಂತ ಮೇಲೆ ನನಗೆ ಬರುತ್ತಿದ್ದ ಒಂದೇ ಒಂದು ಸಂಜೆಯ ಕೀರ್ತನೆಯನ್ನು ಅದೇ ವರಸೆಯಲ್ಲಿ ಹಾಡುತ್ತಿದ್ದೆ. ಕ್ಲೋಸೆಟ್ಟಿನ ಹಿಂಗೋಡೆಯೇ ಅವ್ವನ ಹಾಸಿಗೆಯ ತಲೆಗಡೆಯ ಗೋಡೆ. ಉಣ್ಣೆಯ ಕೋಟುಗಳು ನನ್ನ ದನಿಯನ್ನು ಕುಡಿದುಬಿಡುತ್ತವೆ ಎಂದು ನಂಬಿದ್ದೆ.

ತಿಂಗಳಿಗೊಂದು ಶನಿವಾರ ಸಂಜೆ ಆರೇಳು ಕನ್ನಡ ಕುಟುಂಬಗಳು ಯಾರದಾದರೂ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವು. ಪಿಯಾನೊ ಇಲ್ಲ, ಹಾರ್ಮೋನಿಯಂ ಇಲ್ಲ. ಒಬ್ಬರು ಹಾಡು ಎತ್ತಬೇಕು, ಉಳಿದವರು ಅವರ ದನಿ ಹಿಡಿದು ಹಿಂದೆ ಬರಬೇಕು. ಎತ್ತುವವರು ಕೆಳಗೆ ಹಿಡಿದರೆ ಗಂಡಸರ ದನಿ ಗೊಗ್ಗರಾಗುತ್ತದೆ, ಮೇಲೆ ಹಿಡಿದರೆ ಎಲ್ಲರ ಉಸಿರು ಕಟ್ಟುತ್ತದೆ. ಹದ ಗೊತ್ತಿದ್ದವರು ನಮ್ಮಪ್ಪ. ನನಗೆ ಹನ್ನೊಂದಾದ ವರ್ಷ, ಅಕ್ಟೋಬರಿನಲ್ಲಿ, ನಮ್ಮ ಮನೆಯ ಸರದಿ ಬಂದಾಗ ಅಪ್ಪನ ಗಂಟಲು ಕಟ್ಟಿತ್ತು. ಅಂಕಲ್‌ಗಳು ಸೋಫಾದಲ್ಲಿ, ಆಂಟಿಯರು ಕಾರ್ಪೆಟ್ಟಿನ ಮೇಲೆ, ಅವ್ವ ಅಡುಗೆಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದಳು. ಅಪ್ಪ ನನ್ನತ್ತ ಕೈಮಾಡಿದರು.

"ಸುಗುಣಾ, ನೀನ ಎತ್ತವಾ ಇವತ್ತ."

ನನಗೆ ಬರುತ್ತಿದ್ದ ಅದೊಂದೇ ಕೀರ್ತನೆಯನ್ನು ಎತ್ತಿದೆ, ಕ್ಲೋಸೆಟ್ಟಿನಲ್ಲಿ ಎತ್ತುತ್ತಿದ್ದಷ್ಟೇ ಮೇಲಕ್ಕೆ. ಬೇರೆ ಎತ್ತರ ನನಗೆ ಗೊತ್ತಿರಲಿಲ್ಲ. ಮೊದಲ ಸಾಲಿಗೆ ಅಂಕಲ್‌ಗಳು ಕೈಬಿಟ್ಟರು. ಎರಡನೆಯ ಚರಣಕ್ಕೆ ಆಂಟಿಯರೂ ನಿಂತರು. ಎಲ್ಲರೂ ಪುಸ್ತಕ ಹಿಡಿದು ಸುಮ್ಮನೆ ಕೂತಿದ್ದಾರೆ, ನಾನೊಬ್ಬಳೇ ಹಾಡುತ್ತಿದ್ದೇನೆ, ನಿಲ್ಲಿಸಲು ಬರುತ್ತಿಲ್ಲ. ಮೂರನೆಯ ಚರಣ ಬಂತು. ಅದರ ಎರಡನೆಯ ಸಾಲು ಕೆಳಗಿಳಿಯಬೇಕು. ಭೂಮಿಯ ಮೇಲಿನ ಕನ್ನಡ ಕ್ರಿಶ್ಚಿಯನ್ನರೆಲ್ಲ ಹಾಗೇ ಹಾಡುತ್ತಾರೆ. ನಾನು ಮಾತ್ರ ಮಿಸೆಸ್ ಕೊವಾಲಳ ಗ್ರಾಮಫೋನಿನ ಹೆಂಗಸಿನಿಂದ ಕಲಿತ ಕೆಟ್ಟ ಚಾಳಿಯಲ್ಲಿ ಅಲ್ಲಿ ಮೇಲಕ್ಕೆ ಹೋಗುತ್ತಿದ್ದೆ. ಹೋದೆ. ಆಗ ಅಡುಗೆಮನೆಯಿಂದ ಇನ್ನೊಂದು ದನಿ ಬಂತು. ತೆಳ್ಳಗೆ, ಸ್ವಲ್ಪ ಒಡಕಾಗಿ, ನನ್ನಷ್ಟೇ ಎತ್ತರದಲ್ಲಿ. ಅದು ಕೆಳಗಿಳಿಯಲಿಲ್ಲ. ನಾನು ತಪ್ಪಿದಲ್ಲೇ ತಪ್ಪಿ, ನನ್ನ ಜೊತೆಗೇ ಮೇಲಕ್ಕೆ ಬಂತು. ಒಂದೇ ಸಾಲು. ಆಮೇಲೆ ಕೆಮ್ಮು, ನಿಶ್ಶಬ್ದ.

ಆ ತಪ್ಪು ಕ್ಲೋಸೆಟ್ಟಿನ ಹೊರಗೆ ಎಲ್ಲಿಯೂ ಇರಲಿಲ್ಲ. ಅವ್ವ ಅದನ್ನು ಕಲಿತದ್ದು ಗೋಡೆಯಿಂದ. ಪ್ರಾರ್ಥನೆ ಮುಗಿಯುತ್ತಲೇ ಅಡುಗೆಮನೆಗೆ ಓಡಿದೆ. ಅವಳು ನನ್ನತ್ತ ತಿರುಗಲಿಲ್ಲ.

"ಹಾಡು ಎತ್ತೋದಂದ್ರ ಏನಂತ ತಿಳಿದಿ? ಎಲ್ಲಾರೂ ಬರೂವಂಗ ಎತ್ತಬೇಕು. ಒಬ್ಬಾಕಿನ ಮ್ಯಾಲ ಹೋಗಿ ಕುಂತ್ರ ಅದು ಸಭಾದ ಹಾಡಲ್ಲ."

"ಬಟ್ ಅವ್ವಾ, ಯೂ ಸ್ಯಾಂಗ್ ವಿತ್ ಮೀ."

"ಎಣ್ಣಿ ಕಾದೈತಿ. ಹಿಂದ ಸರಿ."

ಹಿಂದೆ ಸರಿದೆ. ಆದರೆ ಆ ಸಂಜೆಯಿಂದ ನಾನು ಬೇರೆಯೇ ಹುಡುಗಿ. ಅವ್ವನಿಗೆ ಗೊತ್ತು. ದಿನವೂ ಕೇಳುತ್ತಾಳೆ. ಕೇಳಿಯೂ ಬೇಡ ಎಂದಿಲ್ಲ. ಇದಕ್ಕಿಂತ ದೊಡ್ಡ ಆಶೀರ್ವಾದವನ್ನು ಹನ್ನೊಂದು ವರ್ಷದ ತಲೆ ಕಲ್ಪಿಸಿಕೊಳ್ಳಲಾರದು. ನಾನು ಕೋಟುಗಳನ್ನು ಬದಿಗೆ ಸರಿಸಿ, ಗೋಡೆಗೆ ಮುಖ ಮಾಡಿ ನಿಂತು, ಅವಳಿಗೆಂದೇ ಹಾಡತೊಡಗಿದೆ. ಒಂದು ಗಂಟೆ ಇದ್ದದ್ದು ಎರಡು ಗಂಟೆಯಾಯಿತು. ಸ್ಕೂಲಿನಲ್ಲಿ ಕಲಿತದ್ದು, ಕೆಳಗಿನ ಮನೆಯಿಂದ ಕದ್ದದ್ದು, ಎಲ್ಲವನ್ನೂ ಆ ಗೋಡೆಗೆ ಒಪ್ಪಿಸಿದೆ. ಚಳಿಗಾಲ ಬಂತು. ಅವ್ವನ ಕಣ್ಣ ಕೆಳಗೆ ಕಪ್ಪಾಗಿದ್ದನ್ನು ನೋಡಿದ್ದೆ. ನೋಡಿಯೂ ನೋಡಲಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ, ಆಸ್ಪತ್ರೆಯಿಂದ ನರ್ಸಿಂಗ್ ಹೋಮಿಗೆ ಹೋಗುವಾಗ, ಅವ್ವ ಸ್ಟಿಯರಿಂಗ್ ಹಿಡಿದುಕೊಂಡೇ ನಿದ್ದೆ ಹೋದಳು. ಕಾರು ಡಿವೈಡರಿಗೆ ಬಡಿಯಿತು. ಜೀವಕ್ಕೇನೂ ಆಗಲಿಲ್ಲ, ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮನೆಗೆ ಕರೆತಂದ ಮೇಲೆ ಅಪ್ಪ ಅಡುಗೆಮನೆಯಲ್ಲಿ ಅವಳನ್ನು ಕೂರಿಸಿ ಕೇಳಿದರು. ಕೇಳುವಾಗ ಅವರ ಕಣ್ಣು ನನ್ನ ಮೇಲಿತ್ತು.

"ನಿನಗ ನಿದ್ದಿ ಆಗಾಕತ್ತಿಲ್ಲೇನು? ಮಧ್ಯಾಹ್ನ ಮನ್ಯಾಗ ಏನರ ಸಪ್ಪಳಾ ಆಗ್ತೈತೇನು?"

ಸಪ್ಪಳ ನಾನೇ. ಹೇಳಬೇಕಿತ್ತು. ಹೇಳಲಿಲ್ಲ. ಅವ್ವ ಬ್ಯಾಂಡೇಜಿನ ಕೈಯನ್ನೇ ನೋಡುತ್ತ ಅಂದಳು:

"ಹೀಟರಿನ ಪೈಪು. ಕಟಕಟಾ ಅಂತೈತಿ. ಬ್ಯಾರೆ ಏನಿಲ್ಲ."

ಆ ಶನಿವಾರ ಅಪ್ಪ ಮಂಡಿಯೂರಿ, ಮನೆಯ ಪೈಪುಗಳಿಗೆಲ್ಲ ಹಳೆಯ ಟವೆಲ್ ಸುತ್ತಿ ದಾರ ಕಟ್ಟಿದರು. ನಾನು ಪಕ್ಕದಲ್ಲಿ ಕೂತು ಕತ್ತರಿ ಕೊಡುತ್ತಿದ್ದೆ. ಅವ್ವನ ಮೂಳೆ ಸೊಟ್ಟಗೆ ಕೂಡಿತು. ಮತ್ತೆ ರೊಟ್ಟಿ ಬಡಿಯಲು ಆಗಲಿಲ್ಲ. ಒಂದೆರಡು ಸಂಜೆ ಎಡಗೈಯಲ್ಲಿ ಪ್ರಯತ್ನಿಸಿ, ಹರಿದ ರೊಟ್ಟಿಯನ್ನು ಕಸದ ಬುಟ್ಟಿಗೆ ಹಾಕಿ, ಹಿಟ್ಟಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು. ಆಮೇಲೆ ನಮ್ಮದು ಅಂಗಡಿಯ ಬ್ರೆಡ್ಡು. ಸ್ಮೋಕ್ ಅಲಾರಂ ಕಿರುಚಲಿಲ್ಲ, ಮಿಸೆಸ್ ಕೊವಾಲ್ ಸೂರು ಕುಟ್ಟಲಿಲ್ಲ. ಮನೆಯಲ್ಲಿ ಸದ್ದಾಗುತ್ತಿದ್ದ ಒಂದೇ ತಾಸನ್ನು ನಾನು ಮುರಿದುಹಾಕಿದ್ದೆ.

ಇಷ್ಟಾದ ಮೇಲೆ ಮಾನವಿದ್ದ ಹುಡುಗಿ ಹಾಡು ಬಿಡುತ್ತಿದ್ದಳು. ನಾನು ಅವ್ವ ನೈಟ್ ಶಿಫ್ಟಿಗೆ ಮರಳುವವರೆಗೆ ಕಾದೆ. ಬೇಡ ಎನ್ನುತ್ತಾಳೇನೋ ಎಂದು ಮುಖ ನೋಡಿದೆ. ಅನ್ನಲಿಲ್ಲ. ಕೈ ಮುರಿದುಕೊಂಡರೂ ನನ್ನ ಹೆಸರು ಹೇಳಲಿಲ್ಲ ಎಂದರೆ, ನಾನು ಹಾಡಲೇಬೇಕೆಂಬುದು ಅವಳ ಆಸೆ. ಅವಳು ಬಿಟ್ಟ ಹಾಡು ನನ್ನಲ್ಲಿ ಮುಂದುವರಿಯಬೇಕು. ಹೀಗೆ ಲೆಕ್ಕ ಹಾಕಿಕೊಂಡು, ಬೂಟು ಬಿಚ್ಚಿ, ಮತ್ತೆ ಕ್ಲೋಸೆಟ್ಟಿನೊಳಗೆ ಹೋದೆ. ಹೈಸ್ಕೂಲು ಮುಗಿಯುವವರೆಗೂ ಹೋದೆ.

ಮುಂದಿನದು ವೃತ್ತಿ. ಅದೂ ಒಂದು ಬಗೆಯಲ್ಲಿ ಆ ಕ್ಲೋಸೆಟ್ಟೇ. ಆಡಿಷನ್‌ಗಳಲ್ಲಿ ದನಿಗೆ ತಲೆದೂಗಿ, ಮುಖ ನೋಡಿ ದಾಸಿಯ ಪಾತ್ರವನ್ನೋ ಯಾವುದೋ ಪೂರ್ವದೇಶದ ರಾಜಕುಮಾರಿಯ ಪಾತ್ರವನ್ನೋ ಕೊಡುತ್ತಿದ್ದರು. ಹನ್ನೊಂದು ವರ್ಷ ನಾನು ಕವರ್ ಆಗಿದ್ದೆ. ಕವರ್ ಎಂದರೆ ನಾಯಕಿಯ ಪಾತ್ರವನ್ನು ಪೂರ್ತಿ ಕಲಿತು, ಅವಳಿಗೆ ಜ್ವರ ಬಂದೀತೆಂದು ಡ್ರೆಸಿಂಗ್ ರೂಮಿನಲ್ಲಿ ಸದ್ದಿಲ್ಲದೆ ಕೂತಿರುವವಳು. ಆ ಹೆಂಗಸರ ಆರೋಗ್ಯವೋ, ಗುಂಡುಕಲ್ಲು. ಹನ್ನೊಂದು ವರ್ಷದಲ್ಲಿ ಎರಡೇ ಸಲ ನನ್ನನ್ನು ಕರೆದರು. ಎರಡನೆಯದು ಒಂದು ಬುಧವಾರದ ಮಧ್ಯಾಹ್ನದ ಆಟ. ಅಪ್ಪನಿಗೆ ಫೋನ್ ಮಾಡಿದೆ. ರಾತ್ರಿ ಪಾಳಿ ಮುಗಿಸಿದ ಅವ್ವನನ್ನು ಹಾಗೇ ಬಸ್ಸು ಹತ್ತಿಸಿಕೊಂಡು ಅವರು ನ್ಯೂಯಾರ್ಕಿಗೆ ಬಂದರು. ಎರಡನೆಯ ಅಂಕದಲ್ಲಿ ಮಿಸೆಸ್ ಕೊವಾಲಳ ಗ್ರಾಮಫೋನಿನ ಹೆಂಗಸಿನ ಹಾಗೆಯೇ, ಇಳಿಯಬೇಕಾದಲ್ಲಿ ಇಳಿಯದೆ, ನಾನು ಇನ್ನೊಂದು ಮೆಟ್ಟಿಲು ಹತ್ತಿದೆ. ಅಷ್ಟು ಚೆನ್ನಾಗಿ ಹಿಂದೆಯೂ ಹಾಡಿರಲಿಲ್ಲ, ಮುಂದೆಯೂ ಹಾಡಲಿಲ್ಲ. ಬಣ್ಣ ತೆಗೆಯದೆ ಲಾಬಿಗೆ ಓಡಿದರೆ ಅಪ್ಪ ಒಬ್ಬರೇ ನಿಂತಿದ್ದರು.

"ಭಾಳ ಛಲೋ ಆತವಾ. ನಿಮ್ಮವ್ವ ಒಳಗ ಕುಂತಾಳ. ನಿದ್ದಿ ಹತ್ತೈತಿ, ಎಬ್ಬಸಬ್ಯಾಡ."

ಒಳಗೆ ಹೋಗಿ ನೋಡಿದೆ. ಖಾಲಿಯಾದ ಸಾಲಿನಲ್ಲಿ ಅವ್ವ ಸೊಟ್ಟ ಕೈಯನ್ನು ಮಡಿಲಲ್ಲಿಟ್ಟು, ಬಾಯಿ ತುಸು ತೆರೆದು ಮಲಗಿದ್ದಳು. ಮೊದಲ ಅಂಕದಿಂದಲೇ ಮಲಗಿದ್ದಳಂತೆ. ನನಗೆ ಬೇಜಾರಾಗಲಿಲ್ಲ ಎಂದರೆ ನಂಬುತ್ತೀರಾ? ನನ್ನ ದನಿ ಕೇಳುತ್ತ ಮಲಗುವುದು ಅವಳಿಗೆ ರೂಢಿ ಎಂದುಕೊಂಡೆ. ಪಕ್ಕದಲ್ಲಿ ಕೂತು, ಅವಳು ಎಚ್ಚರಾಗುವವರೆಗೂ ಕಾದೆ.

ಅಪ್ಪ ತೀರಿಹೋದರು. ಅವ್ವ ಈಗ ಎಡಿಸನ್ನಿನಲ್ಲಿ ನನ್ನ ಜೊತೆಗಿದ್ದಾಳೆ. ಎಂಬತ್ತು ದಾಟಿದೆ, ಉಸಿರು ಕಷ್ಟ, ಕಿವಿ ಮಾತ್ರ ಚುರುಕು. ಈ ಏಪ್ರಿಲ್ಲಿನಲ್ಲಿ, ನಾನು ಕೊನೆಯದಾಗಿ ಹಾಡುತ್ತಿದ್ದ, ವಯಸ್ಸಾದವರು ಹಗಲು ಕಳೆಯುವ ಸೀನಿಯರ್ ಸೆಂಟರಿನವರು ಇನ್ನು ಮೇಲೆ ಬರುವುದು ಬೇಡ ಎಂದು ಬಹಳ ನಯವಾಗಿ ಹೇಳಿದರು. ಆ ವಾರ ನನ್ನ ದನಿ ಎಲ್ಲರೆದುರಿಗೆ ಎರಡು ಸಲ ಒಡೆದಿತ್ತು. ಮಧ್ಯಾಹ್ನ ಮನೆಗೆ ಬಂದು ಅವ್ವನ ಮಂಚದ ಪಕ್ಕ ಕೂತೆ. ಕೈಯಲ್ಲಿ ಉಳಿದದ್ದು ಒಂದೇ ಇತ್ತು, ಅವ್ವ ಕೇಳುತ್ತಿದ್ದಳು ಎಂಬ ಆ ಉತ್ತರ. ಅದನ್ನು ಅವಳ ಬಾಯಿಂದ ಒಮ್ಮೆ ಕೇಳಿಬಿಡೋಣ ಅನ್ನಿಸಿತು.

"ಅವ್ವಾ, ಪಾರ್ಸಿಪನಿ ಮನ್ಯಾಗ ನಾ ಕ್ಲೋಸೆಟ್ಟಿನೊಳಗ ಹಾಡ್ತಿದ್ನೆಲ್ಲಾ. ನಿನಗ ಕೇಳಸ್ತಿತ್ತು, ಹೌದಲ್ಲಾ?"

"ಕೇಳಸ್ದ ಏನು? ನಡುವ ಒಂದ ಗ್ವಾಡಿ."

"ಮತ್ತ ಒಂದಿನಾನೂ ಬ್ಯಾಡ ಅನ್ಲಿಲ್ಲ ನೀ."

ಅವ್ವ ನೆನಪಿಸಿಕೊಳ್ಳುತ್ತಿದ್ದಳು, ಅಷ್ಟೆ, ಮುಚ್ಚಿಡುವಂಥದ್ದು ಅವಳ ಬಳಿ ಏನೂ ಇರಲಿಲ್ಲ.

"ಎದ್ದು ಬಂದು ಹೇಳೂವಷ್ಟು ತ್ರಾಣ ಇದ್ದಿದ್ದಿಲ್ಲವಾ. ಇವತ್ತ ಹೇಳ್ಬೇಕು, ನಾಳೆ ಹೇಳ್ಬೇಕು ಅಂತ ಬಿದ್ಕೊಂಡಿರ್ತಿದ್ದೆ."

"ಅಪ್ಪ ಕೇಳಿದಾಗ ಹೀಟರ್ ಅಂದಿ."

"ನಿನ್ನ ಹೆಸರು ಹೇಳಿದ್ರ ಹೊಡಿತಿದ್ರು. ನೀ ಅಳಾಕ ಕುಂದ್ರತಿದ್ದಿ. ಅವತ್ತಿಂದೂ ನಿದ್ದಿ ಹೋಗ್ತಿತ್ತು."

ನಾನು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

"ಆ ಪ್ರಾರ್ಥನಿ ದಿನ ನೀ ನನ್ನ ಜೋಡಿ ಹಾಡಿದ್ದಿ. ಮೂರನೇ ಚರಣ. ನನ್ನಂಗ."

"ಹಾಡಿದ್ನೇನು?" ಅವ್ವ ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. "ದಿನಾ ಕೇಳಿ ಕೇಳಿ ಬಾಯಿಗೆ ಬಂದಿರಬೇಕು. ಟಿವಿ ಆಡ್ ಹಾಡು ಬರಂಗಿಲ್ಲೇನ್, ಹಂಗ. ಯಾಕ, ಈಗ್ಯಾಕ ಕೇಳ್ತಿ?"

"ಸುಮ್ನ."

ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಿಟ್ಟಾಗುವುದಾದರೂ ಯಾರ ಮೇಲೆ? ದಣಿದ ಹೆಂಗಸೊಬ್ಬಳು ಮಲಗಲು ಹೆಣಗುತ್ತಿದ್ದಳು. ಗೋಡೆಯ ಈಚೆ ನಾನು ಅವಳ ನಿದ್ದೆಯನ್ನು ತಿಂದು, ಕೈಯನ್ನು ಮುರಿದು, ಅದರ ಮೇಲೆ ಮೂವತ್ತು ವರ್ಷದ ಬದುಕು ಕಟ್ಟಿದೆ. ಆ ಸೊಟ್ಟ ಮಣಿಕಟ್ಟು ರಗ್ಗಿನ ಹೊರಗಿತ್ತು. ಅದನ್ನು ಹಿಡಿದುಕೊಂಡು ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಿಟಕಿಯತ್ತ ಕೈಮಾಡಿದಳು.

"ಪಡದಾ ಎಳಿಯವಾ. ನಿದ್ದಿ ಬರಾಕತ್ತೈತಿ."

ಪರದೆ ಎಳೆದೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ. ಹೊರಗೆ ಬಂದು ಬಾಗಿಲಿನ ಹಿಡಿಕೆಯನ್ನು ಪೂರ್ತಿ ತಿರುಗಿಸಿ ಹಿಡಿದುಕೊಂಡು, ಬಾಗಿಲು ಚೌಕಟ್ಟಿಗೆ ತಾಗಿದ ಮೇಲೆ ಮೆಲ್ಲಗೆ ಬಿಟ್ಟೆ. ಟಕ್ ಎನ್ನಲಿಲ್ಲ.